ಸಹಾಯ ಬೇಕು: ಕರೆಂಟ್ ಹೋದಾಗ ಫ್ರೋಜನ್ ಬ್ಲಡ್‌ವರ್ಮ್ (ಮೀನಿಗೆ ಹಾಕೋ ಕೆಂಪು ಹುಳದ ಹೆಪ್ಪುಗಟ್ಟಿಸಿದ ಕ್ಯೂಬ್) ಉಳಿಸಿಕೊಳ್ಳೋದು ಹೇಗೆ?

ಮೂಡಿಗೆರೆ, ಚಿಕ್ಕಮಗಳೂರು ಕಡೆ ಅಕ್ವೇರಿಯಂ ಇಟ್ಟವರು ದಯವಿಟ್ಟು ಹೇಳಿ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ಕರೆಂಟ್ ಬರೋದು ಮರುದಿನವೇ. ಅಷ್ಟರಲ್ಲಿ ಕ್ಯೂಬ್‌ಗಳು ಕರಗಿ, ಕೆಂಪು ನೀರು ಬಿಟ್ಟು, ಕರೆಂಟ್ ಬಂದಮೇಲೆ ಒಂದೇ ಗಟ್ಟಿಯಾಗಿ ಅಂಟಿಕೊಂಡಿರುತ್ತವೆ. ಅದನ್ನು ಮೀನಿಗೆ ಹಾಕೋ ಹಾಗಿಲ್ಲ: ಕರಗಿದಾಗ ಬೆಳೆದ ಬ್ಯಾಕ್ಟೀರಿಯಾ ಮತ್ತೆ ಹೆಪ್ಪುಗಟ್ಟಿಸಿದರೂ ಪೂರ್ತಿ ಸಾಯಲ್ಲ, ಒಡೆದ ಹುಳದ ರಸದಿಂದ ಟ್ಯಾಂಕಲ್ಲಿ ಅಮೋನಿಯಾ ಏರುತ್ತೆ.

ಮೀನಿಗೆ ಹಾಕೋ ಮುಂಚೆ ಕರಗಿಸೋದರಲ್ಲಿ ತೊಂದರೆಯಿಲ್ಲ. ಲೋಟದಲ್ಲಿ ಟ್ಯಾಂಕ್ ನೀರು, ಹತ್ತು ನಿಮಿಷ, ಆಮೇಲೆ ಟೀ ಜರಡಿಯಲ್ಲಿ ಸೋಸಿ ಹುಳ ಮಾತ್ರ. ಬಿಸಿನೀರಂತೂ ಬೇಡವೇ ಬೇಡ.

ಕೇಳ್ತಿರೋದು ಇದು: ಬರೀ ಐಸ್ ಸೊನ್ನೆ ಡಿಗ್ರಿಯಲ್ಲಿ ಕರಗುತ್ತೆ, ಆಗ ಕ್ಯೂಬೂ ಮೆತ್ತಗಾಗುತ್ತೆ. ಲೀಟರ್ ನೀರಿಗೆ 100 ಗ್ರಾಂ ಉಪ್ಪು ಹಾಕಿ ಹೆಪ್ಪುಗಟ್ಟಿಸಿದ ಬಾಟಲಿ ಮೈನಸ್ 6ರ ಆಸುಪಾಸು ಹಿಡಿಯಬೇಕು. ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಅರ್ಧ ಕೆಜಿ ಕ್ಯೂಬಿಗೆ ಅಂಥ ಎಷ್ಟು ಬಾಟಲಿ ಬೇಕು, ಎಷ್ಟು ಗಂಟೆ ತಡೆಯುತ್ತೆ? ಮಾಡಿ ನೋಡಿದವರು ತಿಳಿಸಿ.