ರೈಝೆನ್ 5600 ಪ್ರೊಸೆಸರಿಗೆ ಹಳೇ ಬಿ450 ಮದರ್‌ಬೋರ್ಡ್ ನಡೀತದೇನ್ರಿ?

ಕಲಬುರಗಿ, ಸೇಡಂ ರೋಡ್ ಕಡೆ ಮನಿ. ಹೊಸ ಕಂಪ್ಯೂಟರ್ ಜೋಡಿಸಬೇಕು, ಮಾನಿಟರ್ ಬಿಟ್ಟು ಬಜೆಟ್ 50 ಸಾವಿರ. ಗೆಳೆಯ ತನ್ನ ಬಿ450 ಬೋರ್ಡ್ ಸೋವಿಯೊಳಗ ಕೊಡ್ತೀನಿ ಅಂತಾನ. ರೈಝೆನ್ 5 5600, ಆರ್‌ಎಕ್ಸ್ 6600 ಗ್ರಾಫಿಕ್ಸ್ ಕಾರ್ಡ್ ಹಾಕಬೇಕಂತೀನಿ. ಅಂಗಡಿಯವ ಡಿಡಿಆರ್5 ರ‍್ಯಾಮ್ ತಗೋ, ಫಾಸ್ಟ್ ಅಂದ. ಕೂಡ್ತದೇನು? ಅಪ್ಪಗ ‘ಓದಲಾಕ’ ಅಂತ ಹೇಳೀನಿ, ಎರಡನೇ ಸಲ ರೊಕ್ಕ ಸಿಗಂಗಿಲ್ಲ.

ಉತ್ತರ 1:
ಬ್ಯಾಡ. ಬಿ450 ಎಎಂ4 ಸಾಕೆಟ್ಟಿನ ಬೋರ್ಡ್, ಅದಕ್ಕ ಡಿಡಿಆರ್4 ರ‍್ಯಾಮ್ ಅಷ್ಟೇ. ಡಿಡಿಆರ್5ರ ಕಚ್ಚು ಬ್ಯಾರೆ ಕಡೆ ಇರ್ತದ, ಕೂಡಂಗೇ ಇಲ್ಲ. 8 ಜಿಬಿದು ಎರಡು ತಗೋರಿ, ಒಂದೇ 16ರಕಿಂತ ಛಲೋ.

ಬಯೋಸ್ (ಬೋರ್ಡಿನೊಳಗಿನ ಸಾಫ್ಟ್‌ವೇರ್) ಮೊದಲು ನೋಡ್ರಿ, ಹಳೇದಿದ್ರ 5600ರ ಗುರ್ತೇ ಹಿಡಿಯಂಗಿಲ್ಲ. ನಾ ನೋಡದೇ 5600 ಕೂಡಿಸಿದ್ದೆ. ಫ್ಯಾನ್ ತಿರಗ್ತದ, ಪರದಿ ಮಾತ್ರ ಕರ್ರಗ! ಇಡೀ ರಾತ್ರಿ ರ‍್ಯಾಮ್ ತೆಗದು ಹಾಕೋದೇ ಆತು. ಕಡೀಕ ಯಾರದೋ 2600 ಪ್ರೊಸೆಸರ್ ಬೇಡಿ ತಂದು, ಬಯೋಸ್ ಅಪ್‌ಡೇಟ್ ಮಾಡಿದ ಮ್ಯಾಲೇ ಹತ್ತಿತು. ಗೆಳೆಯನ ಹಳೇ ಪ್ರೊಸೆಸರ್ ಬೋರ್ಡಿನಾಗ ಇದ್ದಾಗೇ ಮಾಡಿಸ್ರಿ.

ಉತ್ತರ 2:
6600 ಕಾರ್ಡ್ 132 ವ್ಯಾಟ್, 5600 ಪ್ರೊಸೆಸರ್ 65 ವ್ಯಾಟ್. ಒಳ್ಳೆ 550 ವ್ಯಾಟ್ ಎಸ್‌ಎಂಪಿಎಸ್ (ಕರೆಂಟ್ ಕೊಡೋ ಡಬ್ಬಿ) ಸಾಕು, ಕ್ಯಾಬಿನೆಟ್ ಜೋಡಿ ಪುಕ್ಕಟ ಬರೋದು ಬ್ಯಾಡ. ಕ್ಯಾಬಿನೆಟ್ ಮುಂದ ಗಾಳಿಗೆ ಜಾಳಿಗಿ ಇರಲಿ. ನಮ್ಮ ಮೇ ಬಿಸಿಲಿಗೆ ಗಾಜಿನ ಡಬ್ಬಿಯೊಳಗ ರೊಟ್ಟಿ ಸುಡಬಹುದು.

ಕೇಳಿದವ:
ಕಾರ್ಡ್ ಮುಂದಿನ ತಿಂಗಳು ತಗೊಂಡ್ರ ನಡೀತದೇನು?

ಉತ್ತರ 1:
ಪರದಿ ಬರಂಗಿಲ್ಲ. 5600ರಾಗ ಗ್ರಾಫಿಕ್ಸೇ ಇಲ್ಲ, ಅದು 5600ಜಿ ಒಳಗ ಇರೋದು.