ಹಳೆಯ ತಾನ್ಸುವಿಗೆ ಹೊಸ ಪಾಲಿಶ್ ಬೇಕೇ?

ಓಸಾಕಾವಾಸಿ: ಕ್ಯೋಟೋದ ತೋಜಿ ದೇವಾಲಯದಲ್ಲಿ ಪ್ರತಿ ತಿಂಗಳು 21ರಂದು ನಡೆಯುವ ಸಂತೆಯಲ್ಲಿ ಎರಡು ತಾನ್ಸು, ಅಂದರೆ ಸೆಳೆಖಾನೆಗಳಿರುವ ಮರದ ಪೆಟ್ಟಿಗೆ, ಕೊಂಡೆ. ಒಂದು ‘ಕಿರಿ’ ಎಂಬ ಹಗುರವಾದ ಜಪಾನಿ ಮರದ್ದು, ಮಾಸಿ ಬೂದಿ ಬಣ್ಣಕ್ಕೆ ತಿರುಗಿದೆ. ಇನ್ನೊಂದರ ಮುಂಭಾಗ ‘ಕೆಯಾಕಿ’ ಎಂಬ ಗಟ್ಟಿ ಮರ, ಕೆಂಗಂದು ಮೆರುಗು. ಬಿಸಿಲು ಬಿದ್ದ ಕಡೆ ಹೊಳಪು ಹೋಗಿದೆ. ಎರಡನ್ನೂ ಕೆರೆಸಿ ಪಾಲಿಶ್ ಮಾಡಿಸಲೇ?

ಶಿರಸಿ ಬಡಗಿ: ಇದರಲ್ಲಿ ಕೇಳುವುದೇನಿದೆ? ಉಪ್ಪುಕಾಗದದಲ್ಲಿ ತಿಕ್ಕಿ, ಅರಗಿನ ಪಾಲಿಶ್ ನಾಲ್ಕು ಕೈ ಹಾಕಿಸಿ. ಹಳೆಯ ಬೀಟೆ ಮಂಚಗಳಿಗೆ ನಾವು ಮಾಡುವುದೂ ಅದನ್ನೇ.

ಸಂರಕ್ಷಕಿ: ಕೆಯಾಕಿಯ ಹತ್ತಿರ ಉಪ್ಪುಕಾಗದ ತರಲೇಬೇಡಿ. ಅದರ ಮೇಲಿರುವುದು ಉರುಷಿ ಇರಬಹುದು, ಮರದ ಹಾಲಿನ ಮೆರುಗು. ಅದು ಗಟ್ಟಿಯಾಗುವುದು ಬಿಸಿಲಿಗಲ್ಲ, ತೇವಕ್ಕೆ: ಶೇ 70-80ರ ಆರ್ದ್ರತೆಯಲ್ಲಿ ಹಾಲಿನೊಳಗಿನ ಕಿಣ್ವ ಕೆಲಸ ಮಾಡುತ್ತದೆ. ಆಮೇಲೆ ಸ್ಪಿರಿಟ್‌ಗೂ ಜಗ್ಗದು. ಆದರೆ ಬಿಸಿಲು ಬಿದ್ದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕು ಬಿಡುತ್ತದೆ. ಅಲ್ಲಿ ಒದ್ದೆ ಬಟ್ಟೆ ಆಡಿಸಿದರೂ ಬೆಳ್ಳಗಾಗಬಹುದು. ಬಿಸಿಲು ಕಾಣದ ಮೂಲೆಯಲ್ಲಿ ಸ್ಪಿರಿಟ್ ಅದ್ದಿದ ಹತ್ತಿ ಒತ್ತಿ ನೋಡಿ. ಅಂಟಂಟಾದರೆ ಯಾರೋ ಆಗಲೇ ಅರಗು ಬಳಿದಿದ್ದಾರೆ.

ಶಿರಸಿ ಬಡಗಿ: ಜಪಾನಿನ ಬಡಗಿಗಳೇ ಕಿರಿಯನ್ನು ಉಜ್ಜುಗೊರಡು ಹಾಕಿ ಹೆರೆಯುವುದನ್ನು ವಿಡಿಯೊದಲ್ಲಿ ನೋಡಿದ್ದೇನಲ್ಲ! ಅವರು ಮಾಡಿದರೆ ಕಲೆ, ನಾನು ಹೇಳಿದರೆ ಹಾಳುಗೆಡವುವುದೇ?

ನೀಗಾತಾ ನಿವಾಸಿ: ಕಿರಿಯ ಮಟ್ಟಿಗೆ ನಿಮ್ಮ ಮಾತು ನಿಜ. ಇಲ್ಲಿನ ಕಾಮೊ ಪಟ್ಟಣ ಕಿರಿ ತಾನ್ಸುವಿಗೆ ಹೆಸರಾದದ್ದು. ಲೋಹದ ಪಟ್ಟಿ ಬಿಚ್ಚಿ, ಬಿಸಿನೀರಿನಲ್ಲಿ ತೊಳೆದು, ಒಣಗಿಸಿ ತೆಳುವಾಗಿ ಹೆರೆಯುತ್ತಾರೆ. ಬಳಿಕ ಉಜುಕುರಿ ಎಂಬ ಬೇರಿನ ಕಟ್ಟಿನಿಂದ ಎಳೆಯುದ್ದಕ್ಕೂ ತಿಕ್ಕಿದರೆ ಮೆದು ಭಾಗ ತಗ್ಗಿ ಗೆರೆಗಳು ಎದ್ದು ನಿಲ್ಲುತ್ತವೆ. ಯಾಶಾಬುಶಿ ಕಾಯಿಯ ಕಷಾಯದಲ್ಲಿ ಕಲಸಿದ ತೊನೊಕೊ ಮಣ್ಣು ಬಳಿದು, ಕೊನೆಗೆ ಮೇಣ. ಅರಗು ಬೇಡ. ಕೆಯಾಕಿಗಾದರೆ ತೆಳುವಾಗಿ ಉರುಷಿ ಒರೆಸಿಸಿ.

ಸಂರಕ್ಷಕಿ: ಬಿರುಕಿಗೆ ಇಳಿದ ಉರುಷಿಯನ್ನು ಮತ್ತೆ ತೆಗೆಯಲಾಗದು. 1640ರ ಸುಮಾರಿನ, ಉರುಷಿ ಬಳಿದ ಜಪಾನಿನ ‘ಮಜಾರಿನ್ ಪೆಟ್ಟಿಗೆ’ಯ ಸಂರಕ್ಷಣೆಗೆ ಲಂಡನ್ನಿನ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಸಂಗ್ರಹಾಲಯದಲ್ಲಿ ಜಪಾನಿ ಮತ್ತು ಪಾಶ್ಚಾತ್ಯ ಪರಿಣತರು ಒಟ್ಟಿಗೆ ಕುಳಿತಾಗಲೂ ತಲೆಕೆಡಿಸಿಕೊಂಡದ್ದು ಇದಕ್ಕೇ.

ನೀಗಾತಾ ನಿವಾಸಿ: ಅದು ಗಾಜಿನೊಳಗಿನ ವಸ್ತು, ತಾಯಿ. ಇದರಲ್ಲಿ ಇವರು ದಿನಾ ಬಟ್ಟೆ ಇಡುತ್ತಾರೆ. ಬಳಸುವ ಪೆಟ್ಟಿಗೆಗೆ ಮತ್ತೆ ಉರುಷಿ ಒರೆಸುವುದೇ ಇಲ್ಲಿನ ರೂಢಿ.

ಪುತ್ತೂರಿನವಳು: ಒರೆಸುವವರು ಕೈಗವಸು ಮರೆಯಬೇಡಿ. ಹಸಿ ಉರುಷಿ ತಾಗಿದರೆ ಬೊಬ್ಬೆ ಏಳುತ್ತದೆ. ಗೇರುಮರವೂ ಅದೇ ಕುಟುಂಬದ್ದು, ಗೇರುಸಿಪ್ಪೆಯ ಎಣ್ಣೆಯ ಪ್ರತಾಪ ನಮಗೆ ಗೊತ್ತು. ಆ ಎಣ್ಣೆಯಿಂದ ಮಾಡಿದ ‘ಕಾಶ್ಯೂ’ ಬಣ್ಣ ಜಪಾನಿನಲ್ಲಿ ಉರುಷಿಗೆ ಬದಲಿಯಾಗಿದೆ. ಸಂತೆಯ ಮಾಲಿನ ಮೇಲೆ ಅದೇ ಇದ್ದರೆ?

ಓಸಾಕಾವಾಸಿ: ಕಿರಿ ಕಾಮೊಗೆ ಹೋಗುತ್ತದೆ. ಕೆಯಾಕಿಯನ್ನು ಕಿಟಕಿಯಿಂದ ಸರಿಸಿದ್ದೇನೆ. ಬಳಿದದ್ದು ಏನೆಂದು ತಿಳಿಯುವವರೆಗೆ ಒಣ ಬ್ರಷ್ಷಿನಲ್ಲಿ ಧೂಳು ತೆಗೆಯುವುದಷ್ಟೇ.

ಶಿರಸಿ ಬಡಗಿ: ಆಗಲಿ. ಊರಿಗೆ ಬರುವಾಗ ನನಗೊಂದು ಉಜುಕುರಿ ತನ್ನಿ. ನಮ್ಮ ಹಲಸಿನ ಹಲಗೆಯ ಮೇಲೆ ಆಡಿಸಿ ನೋಡಬೇಕು.