‘ಗ್ರೌಂಡ್ ಟ್ರೂತಿಂಗ್’ಗೆ ಏನನ್ನೋಣ: ಮಹಜರೋ, ಚೌಕಶಿಯೋ, ತಾಳೆಯೋ?

ಎಲ್ಲರಿಗೂ ನಮಸ್ಕಾರ.

ಆರೋಗ್ಯದ ಒಂದು ಲೇಖನ ಬರೆಯುತ್ತಾ ಮೂರು ದಿನದಿಂದ ಒಂದೇ ಪದದ ಮುಂದೆ ಕೂತಿದ್ದೇನೆ. ಹಣ್ಣು ತರಕಾರಿ ಸಿಗುವ ಅಂಗಡಿ ಮನೆಗೆ ಎಷ್ಟು ದೂರ, ಅದಕ್ಕೂ ಬೊಜ್ಜು, ಸಕ್ಕರೆ ಕಾಯಿಲೆಗಳಿಗೂ ನಂಟಿದೆಯೇ ಎಂದು ಹುಡುಕುವ ಸಂಶೋಧಕರು ಎಷ್ಟೋ ಸಲ ಬೀದಿಗಿಳಿಯುವುದೇ ಇಲ್ಲ. ಮಾಹಿತಿ ಮಾರುವ ಕಂಪನಿಯಿಂದ ಅಂಗಡಿಗಳ ಪಟ್ಟಿ ಕೊಳ್ಳುತ್ತಾರೆ, ಇಲ್ಲವೇ ಸರ್ಕಾರದ ಪರವಾನಗಿ ಪಟ್ಟಿ ತರಿಸುತ್ತಾರೆ. ಆ ಪಟ್ಟಿ ನಿಜವೋ ಸುಳ್ಳೋ ಎಂದು ಬೀದಿ ಸುತ್ತಿ ನೋಡುವ ಕೆಲಸಕ್ಕೆ ಇಂಗ್ಲಿಷಿನಲ್ಲಿ ‘ಗ್ರೌಂಡ್ ಟ್ರೂತಿಂಗ್’ ಅನ್ನುತ್ತಾರೆ. ಉಪಗ್ರಹದ ಚಿತ್ರ ಓದುವವರೂ ಬಳಸುವ ಮಾತು ಇದು.

ಅಮೆರಿಕದ ಸೌತ್ ಕೆರೊಲಿನಾ ರಾಜ್ಯದ 8 ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳಂಥವು) 2008–09ರಲ್ಲಿ ಹೀಗೆ ಸುತ್ತಿದವರಿಗೆ ತಿನಿಸಿನ ಅಂಗಡಿ, ಹೋಟೆಲು ಎಲ್ಲ ಸೇರಿ 2,208 ಸಿಕ್ಕವು. ರಾಜ್ಯದ ಆರೋಗ್ಯ ಇಲಾಖೆಯ ಪಟ್ಟಿಯಲ್ಲಿ ಅವುಗಳ ಪೈಕಿ ಶೇ. 68 ಇದ್ದವು. ಎರಡು ಖಾಸಗಿ ಪಟ್ಟಿಗಳಲ್ಲಿ ಒಂದರಲ್ಲಿ ಶೇ. 65, ಇನ್ನೊಂದರಲ್ಲಿ ಶೇ. 55. ಜಾಗದ ಲೆಕ್ಕ ಇನ್ನೂ ಸೊಗಸು. ಪಟ್ಟಿಯ ವಿಳಾಸಗಳನ್ನು ನಕ್ಷೆಗೆ ಇಳಿಸಿದಾಗ ನಿಜವಾದ ಜಾಗದಿಂದ 100 ಮೀಟರಿನೊಳಗೆ ಚುಕ್ಕೆ ಬಿದ್ದದ್ದು ಶೇ. 29ರಿಂದ 39ರಷ್ಟಕ್ಕೆ ಮಾತ್ರ. ಕಂಪ್ಯೂಟರ್ ವಿಳಾಸವನ್ನು ನಕ್ಷೆಗೆ ಇಳಿಸುವಾಗ ಅನೇಕ ಸಲ ಅಂದಾಜು ಮಾಡುತ್ತದೆ: ಬೀದಿಯ ಈ ತುದಿ 100ನೇ ನಂಬರು, ಆ ತುದಿ 200 ಆದರೆ, 150 ನಟ್ಟನಡುವೆ ಇರಬೇಕು ಅಂತ. ಹಳ್ಳಿಯ ಉದ್ದದ ರಸ್ತೆಯಲ್ಲಿ ಅಂಗಡಿಗಳು ಹಾಗೆ ಸಮ ಅಳತೆಗೆ ಕೂತಿರುತ್ತವೆಯೇ?

ಈಗ ಪದಕ್ಕೆ ಬರೋಣ. ‘ಸ್ಥಳ ಪರಿಶೀಲನೆ’ ಅಂದರೆ ಮಂತ್ರಿಯೋ ಇಂಜಿನಿಯರೋ ಜೀಪಿನಿಂದ ಇಳಿದು ಸೇತುವೆ ನೋಡಿದಂತೆ ಕೇಳುತ್ತದೆ. ‘ಮಹಜರು’ ನನಗೆ ಬಹಳ ಇಷ್ಟ, ಆದರೆ ಅದಕ್ಕೆ ಪಂಚರು ಬೇಕು, ಸಹಿ ಬೇಕು; ಓದುಗರು ಕಳ್ಳತನ ಆಗಿದೆ ಅಂದುಕೊಳ್ಳುತ್ತಾರೆ. ಧಾರವಾಡದ ಗೆಳೆಯರೊಬ್ಬರು ‘ಸ್ಥಾನಿಕ ಚೌಕಶಿ’ ಅಂತ ಹಾಕ್ರಿ, ಅದಕ್ಕಿಂತ ಚಲೋ ಶಬ್ದ ಇಲ್ಲ ಅಂದರು. ಅಲ್ಲಿ ಚೌಕಶಿ ಅಂದರೆ ವಿಚಾರಣೆ. ನಮ್ಮ ಮೈಸೂರಿನ ಕಡೆ ಚೌಕಾಸಿ ಅಂದರೆ ಬೆಲೆ ಇಳಿಸುವುದು. ‘ಸಂಶೋಧಕರು 2,208 ಅಂಗಡಿಗಳ ಚೌಕಶಿ ಮಾಡಿದರು’ ಎಂದು ಬರೆದರೆ ನಮ್ಮವರು ಟೊಮೆಟೊ ಕಿಲೋಗೆ ಎಷ್ಟಕ್ಕೆ ಇಳಿಸಿದರಂತೆ ಎಂದು ಕೇಳುತ್ತಾರೆ!

ನನ್ನ ಮನಸ್ಸು ಸದ್ಯ ‘ತಾಳೆ ನೋಡುವುದು’ ಕಡೆಗಿದೆ. ಖಾತೆ ಕಿರ್ದಿಯನ್ನು ತಾಳೆ ನೋಡುತ್ತೇವಲ್ಲ, ಹಾಗೆ ಪಟ್ಟಿಯನ್ನು ಬೀದಿಯೊಂದಿಗೆ ತಾಳೆ ನೋಡುವುದು. ‘ಬೀದಿತಾಳೆ’ ಎಂದು ಒಂದೇ ಪದ ಕಟ್ಟಬಹುದೇ? ಕಿವಿಗೆ ತಾಳೆಮರದ ಜಾತಿಯಂತೆ ಕೇಳಿಸಿದರೆ ಬಿಟ್ಟುಬಿಡುತ್ತೇನೆ.

ಇದಕ್ಕಿಂತ ಕಷ್ಟದ್ದು ಪಟ್ಟಿಯ ಎರಡು ಬಗೆಯ ತಪ್ಪಿಗೆ ಹೆಸರಿಡುವುದು: ಇರುವ ಅಂಗಡಿಯನ್ನು ಬಿಡುವುದು, ಇಲ್ಲದ್ದನ್ನು ಸೇರಿಸುವುದು. ಮೇಲೆ ಹೇಳಿದ ಶೇ. 68ಕ್ಕೆ, ಅಂದರೆ ನಿಜವಾಗಿ ಇರುವ ಅಂಗಡಿಗಳಲ್ಲಿ ಪಟ್ಟಿಗೆ ಸಿಕ್ಕ ಪಾಲಿಗೆ, ಅಂಕಿಅಂಶದವರು ‘ಸೆನ್ಸಿಟಿವಿಟಿ’ ಅನ್ನುತ್ತಾರೆ. ‘ಪಟ್ಟಿಯ ಸಂವೇದನಾಶೀಲತೆ’ ಎಂದು ಬರೆದು ನಾನೇ ನಕ್ಕು ಹೊಡೆದುಹಾಕಿದೆ. ಪಟ್ಟಿಗೆ ಯಾರ ಕಷ್ಟಕ್ಕೆ ಕಣ್ಣೀರು ಬರುತ್ತದೆ? ನಮ್ಮ ಬೀದಿಯನ್ನೇ ನೋಡಿ. ಮೊಬೈಲಿನ ನಕ್ಷೆಯಲ್ಲಿ ಇವತ್ತಿಗೂ ತೋರಿಸುವ ದಿನಸಿ ಅಂಗಡಿ ಮುಚ್ಚಿ ಎರಡು ವರ್ಷವಾಯಿತು. ಅಲ್ಲೀಗ ಟೈಲರ್ ಕೂತಿದ್ದಾರೆ, ಹಳೆಯ ಬೋರ್ಡಿನ ‘ಪ್ರಾವಿಜನ್’ ಎಂಬ ಅಕ್ಷರದ ಮೇಲೆ ರವಿಕೆ ನೇತುಹಾಕುತ್ತಾರೆ. ದಿನಾ ಬೆಳಿಗ್ಗೆ ಎಂಟಕ್ಕೆ ಹೊಂಗೆಮರದ ಕೆಳಗೆ ನಿಲ್ಲುವ ಸೊಪ್ಪಿನ ಗಾಡಿ ಮಾತ್ರ ಯಾವ ನಕ್ಷೆಯಲ್ಲೂ ಇಲ್ಲ, ನಾವು ತಿನ್ನುವ ಸೊಪ್ಪೆಲ್ಲ ಅದರದ್ದೇ. ಮತದಾರರ ಪಟ್ಟಿಯ ಮಾತಿನಲ್ಲಿ ಹೇಳುವುದಾದರೆ ಗಾಡಿ ‘ಬಿಟ್ಟುಹೋದದ್ದು’. ಮುಚ್ಚಿದ ಅಂಗಡಿಗೆ ಏನನ್ನೋಣ? ‘ಸುಳ್ಳು ನಮೂದು’ ಅಂದರೆ ಯಾರೋ ಬೇಕಂತಲೇ ಮೋಸ ಮಾಡಿದ ಹಾಗಾಗುತ್ತದೆ. ‘ಹಳಸಿದ ನಮೂದು’ ಹೇಗೆ? ತಿನಿಸಿನ ವಿಷಯಕ್ಕೆ ಹೊಂದುತ್ತದೆ, ಆದರೆ ಮೊದಲಿಂದಲೂ ಇಲ್ಲದ ಅಂಗಡಿ ಪಟ್ಟಿಗೆ ಸೇರಿದ್ದರೆ ಅದು ಹಳಸಿದ್ದಲ್ಲ.

ಹಣ್ಣು ತರಕಾರಿಯಂಥ ಒಳ್ಳೆಯ ತಿನಿಸಿನ ಅಂಗಡಿ ಹತ್ತಿರದಲ್ಲಿಲ್ಲದ ಪ್ರದೇಶಕ್ಕೆ ಇಂಗ್ಲಿಷಿನಲ್ಲಿ ಹೇಳುವ ‘ಫುಡ್ ಡೆಸರ್ಟ್’ಗೆ ‘ಆಹಾರ ಮರುಭೂಮಿ’ ಎಂದೇ ಇಟ್ಟಿದ್ದೇನೆ, ಒಲ್ಲದ ಮನಸ್ಸಿನಿಂದ. 1990ರ ದಶಕದ ಆರಂಭದಲ್ಲಿ ಸ್ಕಾಟ್ಲೆಂಡಿನ ಪಶ್ಚಿಮದ ಸರ್ಕಾರಿ ವಸತಿ ಬಡಾವಣೆಯ ನಿವಾಸಿಯೊಬ್ಬರ ಬಾಯಿಂದ ಬಂತು ಅನ್ನುವ ಪದ ಅದು. ‘ಅಂಗಡಿ ಬರ’ ಹೆಚ್ಚು ಕನ್ನಡ ಅನ್ನಿಸುತ್ತದೆ.

ನಿಮ್ಮಲ್ಲಿ ಜನಗಣತಿಗೋ ಮತದಾರರ ಪಟ್ಟಿಗೋ ಮನೆಮನೆ ಸುತ್ತಿದ ಮೇಷ್ಟ್ರುಗಳಿದ್ದರೆ ಅವರನ್ನೇ ಕೇಳಬೇಕು: ಪಟ್ಟಿಯಲ್ಲಿದ್ದು ಜಾಗದಲ್ಲಿಲ್ಲದ ಮನೆಗೆ ನೀವು ನೀವೇ ಮಾತಾಡಿಕೊಳ್ಳುವಾಗ ಏನನ್ನುತ್ತಿದ್ದಿರಿ?